30 ಸೀರೆ, ಒಂದೇ ದಿನ: ಫೋಟೋಶೂಟ್‌ಗೆ ಮುಂಚೆ ಏನೇನು ಮಾಡಿಕೊಳ್ಳಬೇಕು?

ಪ್ರಶ್ನೆ: ನಾನು ಹುಬ್ಬಳ್ಳಿಯಲ್ಲಿ ಮನೆಯಿಂದಲೇ ಇಳಕಲ್ ಸೀರೆ ಮಾರುತ್ತೇನೆ. ವಾಟ್ಸಾಪ್, ಇನ್‌ಸ್ಟಾಗ್ರಾಂ ಎರಡರಲ್ಲೂ ಗಿರಾಕಿಗಳಿದ್ದಾರೆ. ಇಲ್ಲಿಯವರೆಗೆ ಸೀರೆಯನ್ನು ಮಂಚದ ಮೇಲೆ ಹಾಸಿ ಮೊಬೈಲ್‌ನಲ್ಲಿ ಫೋಟೋ ತೆಗೆಯುತ್ತಿದ್ದೆ. "ಫೋಟೋದಲ್ಲಿದ್ದ ಬಣ್ಣವೇ ಬೇರೆ" ಎಂದು ಈ ವರ್ಷ ನಾಲ್ಕು ಸೀರೆ ವಾಪಸ್ ಬಂದವು. ದೀಪಾವಳಿಗೆ ಮುಂಚೆ ಸರಿಯಾಗಿ ಒಂದು ಶೂಟ್ ಮಾಡಿಸಬೇಕು ಅಂತಿದ್ದೇನೆ. 30 ಸೀರೆ ಇವೆ. ಒಂದು ದಿನ, 40 ಸಾವಿರ ರೂಪಾಯಿ. ಬಾದಾಮಿಯಲ್ಲಿ ಮಾಡಿಸುವ ಆಸೆ. 22 ವರ್ಷದ ಅಕ್ಕನ ಮಗಳು ಸೀರೆ ಉಟ್ಟು ನಿಲ್ಲಲು ಒಪ್ಪಿದ್ದಾಳೆ. ಏನೇನು ತಯಾರಿ ಬೇಕು? ಅವಳಿಗೆ ದುಡ್ಡು ಕೊಡಬೇಕಾ?

ಉತ್ತರ: ಮೊದಲು ಲೆಕ್ಕ ಹಾಕೋಣ. ಒಂದು ಸೀರೆ ಬಿಚ್ಚಿ, ಇನ್ನೊಂದು ಉಡಿಸಿ, ನಿರಿಗೆ ಕೂರಿಸಿ, ಸೆರಗು ಪಿನ್ ಮಾಡಿ, ಬಳೆ ಬದಲಿಸಿ, ಕೂದಲು ಸರಿಮಾಡುವಷ್ಟರಲ್ಲಿ 25 ನಿಮಿಷ ಹೋಗುತ್ತದೆ. ಫೋಟೋ ತೆಗೆಯುವುದಕ್ಕೆ 10 ನಿಮಿಷ. ಬೆಳಿಗ್ಗೆ 8ಕ್ಕೆ ಶುರು ಮಾಡಿ ಸಂಜೆ 5ಕ್ಕೆ ಮುಗಿಸಿದರೂ, ಊಟ, ಚಹಾ ಕಳೆದು ಕೈಯಲ್ಲಿ ಉಳಿಯುವುದು ಏಳೂವರೆ ಗಂಟೆ. 12 ಸೀರೆ ಆರಾಮಾಗಿ ಆಗುತ್ತವೆ. ಓಡೋಡಿ ಮಾಡಿದರೆ 14. 30 ಆಗುವುದಿಲ್ಲ. ಆಗುತ್ತದೆ ಎಂದು ಯಾರಾದರೂ ಒಪ್ಪಿಕೊಂಡರೆ, ಕೊನೆಯ ಹತ್ತು ಸೀರೆಯಲ್ಲಿ ಹುಡುಗಿಯ ಮುಖ ನೋಡಿದರೇ ಗೊತ್ತಾಗುತ್ತದೆ.

ಹಾಗಂತ ಎರಡು ದಿನ ಇಡಬೇಕಾಗಿಲ್ಲ. 12 ಸೀರೆ ಉಡಿಸಿ ತೆಗೆಸಿ. ಉಳಿದ 18ನ್ನು ಬಿದಿರಿನ ಕೋಲಿಗೆ ಇಳಿಬಿಟ್ಟೋ, ಮಡಿಸಿಟ್ಟೋ ತೆಗೆಸಿ. ಹಾಗೆ ತೆಗೆದರೆ ಒಂದಕ್ಕೆ ಐದಾರು ನಿಮಿಷ ಸಾಕು. ಅದನ್ನು ಹಿಂದಿನ ದಿನ ಸಂಜೆಯೊಳಗೆ ನೀವೇ ಮೊಬೈಲ್‌ನಲ್ಲಿ ಮುಗಿಸಬಹುದು. ಹೇಗೆ ಅಂತ ಮುಂದೆ ಹೇಳುತ್ತೇನೆ.

ಯಾವ 12? ಉಟ್ಟಾಗ ಮಾತ್ರ ಚೆಂದ ಗೊತ್ತಾಗುವಂಥವು. ಅಗಲ ದಡಿಯವು, ಕಸೂತಿ ಇರುವವು, ಈ ವರ್ಷ ಹೊಸದಾಗಿ ನೇಯಿಸಿದ ಬಣ್ಣಗಳು. ಗಿರಾಕಿಗೆ ಮೊದಲೇ ಗೊತ್ತಿರುವ ಚಂದ್ರಕಾಳಿಯನ್ನು ಉಡಿಸಿ ತೋರಿಸುವ ಅಗತ್ಯ ಅಷ್ಟಾಗಿ ಇಲ್ಲ. ಆದರೂ ಒಂದು ಚಂದ್ರಕಾಳಿ ಇರಲಿ. ಕಪ್ಪು ಒಡಲು, ಕೆಂಪು ಸೆರಗು, ಹಸಿರು ಬಳೆ ಕೂಡಿದರೆ ಬರುವ ಫೋಟೋವನ್ನು ಬೇರೆ ಯಾವ ಸೀರೆಯೂ ಕೊಡುವುದಿಲ್ಲ.

ಈಗ ದುಡ್ಡಿನ ಮಾತು. ನಿಮ್ಮ 40 ಸಾವಿರದಲ್ಲಿ ಮೊದಲು ಎತ್ತಿಡಬೇಕಾದದ್ದು ಇಸ್ತ್ರಿಯವರಿಗೆ ಮತ್ತು ಸೀರೆ ಉಡಿಸುವವರಿಗೆ. ಫೋಟೋಗ್ರಾಫರ್, ಜಾಗ ಎಲ್ಲ ಆಮೇಲೆ. ನಾನೇ ಫೋಟೋಗ್ರಾಫರ್ ಆಗಿ ಇದನ್ನು ಹೇಳುತ್ತಿದ್ದೇನೆ. 18 ವರ್ಷದಿಂದ ಬಟ್ಟೆಯ ಫೋಟೋ ತೆಗೆಯುತ್ತಿದ್ದೇನೆ. ಶೂಟ್ ದಿನ ಹಾಳಾಗಿದ್ದು ಕ್ಯಾಮೆರಾದಿಂದ ಅನ್ನುವುದು ಎರಡೋ ಮೂರೋ ಸಲ. ಬ್ಲೌಸ್ ಆಗಲಿಲ್ಲ, ಮಡಿಕೆ ಗೆರೆ ಹೋಗಲಿಲ್ಲ, ಲಂಗ ಮರೆತು ಬಂದೆವು ಅನ್ನುವುದು ಲೆಕ್ಕವೇ ಇಲ್ಲ.

ಮಡಿಕೆ ಗೆರೆಯಿಂದ ಶುರು ಮಾಡಿ. ಅಂಗಡಿ ಮಡಿಕೆಯಲ್ಲಿ ತಿಂಗಳುಗಟ್ಟಲೆ ಕೂತ ಸೀರೆಯಲ್ಲಿ ಅಡ್ಡ-ಉದ್ದ ಗೆರೆ ಬಿದ್ದಿರುತ್ತದೆ. ಕಣ್ಣಿಗೆ ಅಷ್ಟಾಗಿ ಕಾಣುವುದಿಲ್ಲ. ಪಕ್ಕದಿಂದ ಬೆಳಕು ಬಿದ್ದರೆ ಹೊಲದ ಬದುವಿನ ಹಾಗೆ ಎದ್ದು ನಿಲ್ಲುತ್ತದೆ. ಕಂಪ್ಯೂಟರ್‌ನಲ್ಲಿ ತೆಗೆಯಬಹುದಲ್ಲ ಅಂತ ಕೇಳುತ್ತೀರಿ. ತೆಗೆಯಬಹುದು, ಜೊತೆಗೆ ನೇಯ್ಗೆಯೂ ಅಳಿಸಿಹೋಗಿ ಸೀರೆ ಪ್ಲಾಸ್ಟಿಕ್ ಹಾಳೆಯಂತೆ ಕಾಣುತ್ತದೆ. ಅದರ ಬದಲು ನಾಲ್ಕು ದಿನ ಮುಂಚೆ 12 ಸೀರೆಯನ್ನೂ ಬಿಚ್ಚಿ ಕೋಲಿಗೆ ಇಳಿಬಿಡಿ. ಹಿಂದಿನ ದಿನ ಇಸ್ತ್ರಿ ಮಾಡಿಸಿ. ರೇಷ್ಮೆಗೆ ಹಿಂಬದಿಯಿಂದ, ಕಡಿಮೆ ಬಿಸಿಯಲ್ಲಿ, ಮೇಲೊಂದು ತೆಳು ಹತ್ತಿ ಬಟ್ಟೆ ಹಾಕಿ. ರೇಷ್ಮೆ ಮೇಲೆ ನೀರು ಚಿಮುಕಿಸಬಾರದು, ಹನಿಯ ಕಲೆ ಉಳಿಯುತ್ತದೆ. ಒಡಲು ಹತ್ತಿ, ಸೆರಗು ರೇಷ್ಮೆ ಇರುವ ಸೀರೆಗೆ ಎರಡು ಥರದ ಬಿಸಿ ಬೇಕು. ಇದನ್ನು ಇಸ್ತ್ರಿಯವರಿಗೆ ಬಾಯಿಬಿಟ್ಟು ಹೇಳಿ. ಇಸ್ತ್ರಿ ಆದಮೇಲೆ ಮತ್ತೆ ಮಡಿಸಬೇಡಿ, ಹ್ಯಾಂಗರ್‌ಗೆ ಹಾಕಿ ಹಾಗೇ ಒಯ್ಯಿರಿ. ಶೂಟ್ ಜಾಗದಲ್ಲೂ ಒಂದು ಇಸ್ತ್ರಿ ಪೆಟ್ಟಿಗೆ ಅಥವಾ ಸ್ಟೀಮರ್ ಇರಲಿ. ಪ್ಲಗ್ ಪಾಯಿಂಟ್ ಎಲ್ಲಿದೆ ಅಂತ ಮೊದಲೇ ನೋಡಿಕೊಳ್ಳಿ.

ಹೊಸ ಹತ್ತಿ ಸೀರೆಯ ಗಂಜಿಯ ಬಗ್ಗೆ ಒಂದು ಮಾತು. ಗಂಜಿ ಗಟ್ಟಿಯಾಗಿದ್ದರೆ ಸೊಂಟದ ಹತ್ತಿರ ಸೀರೆ ಉಬ್ಬಿ ನಿಲ್ಲುತ್ತದೆ. ಉಟ್ಟ ಹುಡುಗಿ ಇದ್ದದ್ದಕ್ಕಿಂತ ದಪ್ಪ ಕಾಣುತ್ತಾಳೆ. ಅಂಥ ಸೀರೆಯ ನಿರಿಗೆಯನ್ನು ಹಿಂದಿನ ರಾತ್ರಿಯೇ ಹಿಡಿದು, ಇಸ್ತ್ರಿ ಒತ್ತಿ, ಬಟ್ಟೆ ಕ್ಲಿಪ್ ಹಾಕಿ ಇಡಿ. ಮದುವೆ ಮನೆಗೆ ಸೀರೆ ಉಡಿಸುವವರು ಹೀಗೇ ಮಾಡುವುದು. ನಿಮ್ಮೂರಲ್ಲೂ ಅಂಥವರು ಇದ್ದಾರೆ, ಅರ್ಧ ದಿನಕ್ಕಾದರೂ ಒಬ್ಬರನ್ನು ಕರೆಸಿ. ಒಂದೊಂದು ಸೀರೆಗೆ 10 ನಿಮಿಷ ಉಳಿದರೂ 12 ಸೀರೆಗೆ ಎರಡು ಗಂಟೆ ಉಳಿಯಿತು.

ಆಮೇಲೆ ಬ್ಲೌಸ್. ನಿಮ್ಮ ಕಡೆ ಜಂಪರ್ ಅನ್ನುತ್ತೀರಿ, ಅಲ್ವಾ? 12 ಸೀರೆಗೆ 12 ಜಂಪರ್ ಹೊಲಿಸುವುದು ಬೇಡ. ನಾಲ್ಕು ಸಾಕು. ಅದರಲ್ಲಿ ಎರಡು ಗುಳೇದಗುಡ್ಡದಲ್ಲಿ ನೇಯುವ ಖಣದ ಬಟ್ಟೆಯದ್ದಿರಲಿ. ಇಳಕಲ್ ಸೀರೆಗೆ ಖಣದ ಕುಪ್ಪಸ ಅಂದರೆ ಗಿರಾಕಿ ಕೇಳುವುದಕ್ಕೆ ಮುಂಚೆಯೇ ಅರ್ಧ ವ್ಯಾಪಾರ ಆದಹಾಗೆ. ಉಳಿದೆರಡು ಸಾದಾ, ಒಂದು ಕಪ್ಪು, ಒಂದು ಕಡು ಹಸಿರು. ಅಳತೆ ಅಕ್ಕನ ಮಗಳದ್ದೇ ಆಗಿರಬೇಕು. ಸ್ವಲ್ಪ ಸಡಿಲ ಆದರೆ ಬೆನ್ನ ಹಿಂದೆ ಬಟ್ಟೆ ಕ್ಲಿಪ್ ಹಾಕಿ ಬಿಗಿ ಮಾಡಬಹುದು, ಎದುರಿನಿಂದ ಕಾಣುವುದಿಲ್ಲ. ಬಿಗಿ ಆದರೆ ಏನೂ ಮಾಡಲಾಗದು. ಲಂಗ ಒಂದೇ ಬಿಳಿಯದ್ದು ತಂದರೆ ಕೆಲಸ ಕೆಟ್ಟಿತು. ತೆಳು ಸೀರೆಯಲ್ಲಿ ಬೆನ್ನ ಹಿಂದಿನಿಂದ ಬೆಳಕು ಬಂದರೆ ಲಂಗದ ಅಂಚು ನಿಚ್ಚಳ ಕಾಣುತ್ತದೆ. ಕಪ್ಪು, ಮರೂನ್, ಕಡು ಹಸಿರು, ಕೆನೆ ಬಣ್ಣ, ಹೀಗೆ ನಾಲ್ಕು ಇರಲಿ. ಎಲ್ಲದಕ್ಕೂ ಲಾಡಿ ಇದೆಯಾ ನೋಡಿ. ನಗಬೇಡಿ, ಲಾಡಿ ಇಲ್ಲದ ಲಂಗದಿಂದ 40 ನಿಮಿಷ ಕಳೆದುಕೊಂಡಿದ್ದೇನೆ.

ನಿಮ್ಮ ಪ್ರಶ್ನೆಯಲ್ಲಿ ನನ್ನ ಕಣ್ಣು ಹೋಗಿದ್ದು ಆ ನಾಲ್ಕು ವಾಪಸ್ ಸೀರೆಗಳ ಮೇಲೆ. ಅದು ಶೂಟ್‌ಗಿಂತ ದೊಡ್ಡ ವಿಷಯ. ಬಣ್ಣ ಯಾಕೆ ಬದಲಾಗುತ್ತದೆ ಅಂತ ಗೊತ್ತಿಲ್ಲದೆ ದುಬಾರಿ ಶೂಟ್ ಮಾಡಿಸಿದರೆ, ಚೆಂದದ ಫೋಟೋ ನೋಡಿ ಇನ್ನೂ ಜಾಸ್ತಿ ಜನ ಕೊಂಡು ಇನ್ನೂ ಜಾಸ್ತಿ ಜನ ವಾಪಸ್ ಕಳಿಸುತ್ತಾರೆ.

ಮಂಚದ ಮೇಲೆ ಹಾಸಿ ತೆಗೆದಿರಿ ಅಂದಿರಿ. ಒಂದು ಕಡೆ ಕಿಟಕಿ, ಮೇಲೆ ದೀಪ ಇದ್ದಿರಬೇಕು. ಬೆಳಕಿನ ಬಣ್ಣವನ್ನು ಕೆಲ್ವಿನ್‌ನಲ್ಲಿ ಅಳೆಯುತ್ತಾರೆ, ಅಂಕಿ ಇಳಿದಷ್ಟೂ ಬೆಳಕು ಹಳದಿ. ಹಗಲಿನ ಬೆಳಕು ಸುಮಾರು 5500 ಕೆಲ್ವಿನ್. ಹಳದಿ ಬಲ್ಬು 3000ದ ಆಸುಪಾಸು. ಸೀರೆಯ ಅರ್ಧಕ್ಕೆ ಒಂದು, ಅರ್ಧಕ್ಕೆ ಇನ್ನೊಂದು ಬಿದ್ದರೆ ಮೊಬೈಲ್ ಯಾವುದನ್ನು ನಂಬಬೇಕು? ಎರಡರ ನಡುವೆ ಏನೋ ಒಂದು ಊಹೆ ಮಾಡುತ್ತದೆ. ಅಗ್ಗದ ಎಲ್‌ಇಡಿ ಆದರೆ ಇನ್ನೊಂದು ತೊಂದರೆ, ಅದರ ಬೆಳಕಿನಲ್ಲಿ ಕಡು ಕೆಂಪಿನ ಅಂಶ ಕಡಿಮೆ ಇರುತ್ತದೆ. ಇಳಕಲ್ ಸೆರಗು ಕೆಂಪು. ಆ ಬೆಳಕಿನಲ್ಲಿ ಅದು ಇಟ್ಟಿಗೆ ಬಣ್ಣಕ್ಕೆ ತಿರುಗುತ್ತದೆ. ಅದಕ್ಕೇ ಮೊದಲ ನಿಯಮ: ಫೋಟೋ ತೆಗೆಯುವಾಗ ಮನೆಯ ಎಲ್ಲ ದೀಪ ಆರಿಸಿ. ಕಿಟಕಿ ಬೆಳಕು ಒಂದೇ ಸಾಕು. ಉತ್ತರಕ್ಕೆ ಮುಖ ಮಾಡಿದ ಕಿಟಕಿ ಇದ್ದರೆ ಅದಕ್ಕಿಂತ ಒಳ್ಳೆಯದಿಲ್ಲ. ದೀಪಾವಳಿಗೆ ಮುಂಚಿನ ಈ ದಿನಗಳಲ್ಲಿ ಅಲ್ಲಿ ಬಿಸಿಲು ನೇರ ಬೀಳುವುದಿಲ್ಲ, ಬೆಳಿಗ್ಗೆ 9ರಿಂದ ಮಧ್ಯಾಹ್ನ 3ರವರೆಗೆ ಹೆಚ್ಚುಕಡಿಮೆ ಒಂದೇ ಥರ ಇರುತ್ತದೆ.

ಗೋಡೆಯನ್ನೂ ನೋಡಿ. ಗಿಳಿಹಸಿರು ಬಣ್ಣ ಬಳಿದ ಕೋಣೆಯಲ್ಲಿ ಕೆನೆ ಬಣ್ಣದ ಸೀರೆ ಹಸಿರಾಗಿಯೇ ಬರುತ್ತದೆ. ಹುಲ್ಲಿನ ಮೇಲೆ ನಿಲ್ಲಿಸಿದರೂ ಅದೇ ಕಥೆ. ಕೆಳಗಿನಿಂದ ಹಸಿರು ಬೆಳಕು ಗದ್ದಕ್ಕೆ ಹೊಡೆಯುತ್ತದೆ. ಬಿಳಿ ಅಥವಾ ಬೂದು ಗೋಡೆ, ಸಾದಾ ಕಡಪ ಕಲ್ಲಿನ ನೆಲ, ಎರಡೂ ಒಳ್ಳೆಯದು.

ಎರಡನೆಯ ನಿಯಮ, ಗ್ರೇ ಕಾರ್ಡ್. ಬಿದ್ದ ಬೆಳಕಿನಲ್ಲಿ ಶೇಕಡಾ 18ರಷ್ಟನ್ನು ಮಾತ್ರ ಹಿಂದಿರುಗಿಸುವ ಬೂದು ಬಣ್ಣದ ಒಂದು ಹಲಗೆ, ಕ್ಯಾಮೆರಾ ಅಂಗಡಿಯಲ್ಲಿ ಕೆಲವು ನೂರು ರೂಪಾಯಿಗೆ ಸಿಗುತ್ತದೆ. ಬೆಳಕು ಬದಲಾದಾಗಲೆಲ್ಲ ಮೊದಲ ಫೋಟೋದಲ್ಲಿ ಸೀರೆಯ ಪಕ್ಕ ಇದನ್ನು ಹಿಡಿಸಿ. ಆಮೇಲೆ ಕಂಪ್ಯೂಟರ್‌ನಲ್ಲಿ ಆ ಬೂದು ಬಣ್ಣದ ಮೇಲೆ ಒಂದು ಕ್ಲಿಕ್ ಮಾಡಿದರೆ ಬಿಳಿ ಬಿಳಿಯಾಗುತ್ತದೆ, ಉಳಿದ ಬಣ್ಣ ತನ್ನ ಜಾಗಕ್ಕೆ ಬರುತ್ತದೆ. ಫೋಟೋಗ್ರಾಫರ್ ಬಳಿ ಇದು ಇದೆಯಾ ಅಂತ ಫೋನ್‌ನಲ್ಲೇ ಕೇಳಿ. "ಅದೆಲ್ಲ ಬೇಡ ಮೇಡಂ, ಎಡಿಟಿಂಗ್‌ನಲ್ಲಿ ನೋಡ್ಕೋತೀನಿ" ಅಂದರೆ, ಅವರು ಮದುವೆಗೆ ಒಳ್ಳೆಯ ಫೋಟೋಗ್ರಾಫರ್ ಇರಬಹುದು, ನಿಮ್ಮ ಕೆಲಸಕ್ಕೆ ಅಲ್ಲ.

ಕೆಂಪಿನದ್ದು ಬೇರೆಯೇ ಗೋಳು. ಗಿರಿ ಕುಂಕುಮದಂಥ ತುಂಬು ಕೆಂಪನ್ನು ಕ್ಯಾಮೆರಾ ತಡೆದುಕೊಳ್ಳುವುದಿಲ್ಲ. ಕ್ಯಾಮೆರಾ ಕೆಂಪು, ಹಸಿರು, ನೀಲಿ ಮೂರನ್ನೂ ಬೇರೆ ಬೇರೆ ಅಳೆಯುತ್ತದೆ. ಇಲ್ಲಿ ಕೆಂಪು ಮಾತ್ರ ತುಂಬಿ ಚೆಲ್ಲುತ್ತದೆ. ಫೋಟೋದಲ್ಲಿ ಸೆರಗು ಒಂದೇ ಮುದ್ದೆಯಾಗಿ, ನೇಯ್ಗೆಯ ಒಂದೆಳೆಯೂ ಕಾಣದ ಹಾಗೆ ಬರುತ್ತದೆ. ಮೊಬೈಲ್ ಆದರೆ ಸೆರಗಿನ ಮೇಲೆ ಬೆರಳಿಟ್ಟು ಸ್ವಲ್ಪ ಕೆಳಕ್ಕೆ ಜಾರಿಸಿ ಬೆಳಕು ತಗ್ಗಿಸಿ. ಫೋಟೋ ಕೊಂಚ ಮಬ್ಬು ಅನ್ನಿಸಿದರೂ ಪರವಾಗಿಲ್ಲ. ಮಬ್ಬನ್ನು ಆಮೇಲೆ ಎತ್ತಬಹುದು, ಚೆಲ್ಲಿದ ಕೆಂಪು ಮತ್ತೆ ಬರುವುದಿಲ್ಲ.

ಇನ್ನೊಂದು ಕಾರಣಕ್ಕೆ ಕ್ಯಾಮೆರಾವನ್ನು ಬೈದು ಪ್ರಯೋಜನವಿಲ್ಲ. ಹಾಸು (ಉದ್ದದ ಎಳೆ) ಒಂದು ಬಣ್ಣ, ಹೊಕ್ಕು (ಅಡ್ಡ ಎಳೆ) ಇನ್ನೊಂದು ಬಣ್ಣ ಇರುವ ಸೀರೆ ಇದೆಯಲ್ಲ, ಅಂಗಡಿಯಲ್ಲಿ ಡಬಲ್ ಶೇಡ್ ಅನ್ನುತ್ತಾರೆ. ಅದಕ್ಕೆ ಒಂದೇ ಬಣ್ಣ ಅಂತ ಇರುವುದೇ ಇಲ್ಲ. ಎದುರಿನಿಂದ ನೇರಳೆ, ಪಕ್ಕದಿಂದ ನೀಲಿ. ನೀವು ಎದುರಿನಿಂದ ತೆಗೆದಿರಿ, ಗಿರಾಕಿ ಪಕ್ಕದಿಂದ ನೋಡಿದರು. ವಾಪಸ್ ಬಂದ ನಾಲ್ಕರಲ್ಲಿ ಎಷ್ಟು ಡಬಲ್ ಶೇಡ್ ಇದ್ದವು, ಒಮ್ಮೆ ನೆನಪು ಮಾಡಿಕೊಳ್ಳಿ. ಇಂಥ ಸೀರೆಗೆ ಎರಡೂ ಕೋನದ ಫೋಟೋ ಹಾಕಿ, ಕೆಳಗೆ "ನೀಲಿ ಹಾಸು, ಕೆಂಪು ಹೊಕ್ಕು, ತಿರುಗಿದ ಹಾಗೆ ಬಣ್ಣ ಬದಲಾಗುತ್ತದೆ" ಅಂತ ಒಂದು ಸಾಲು ಬರೆದುಬಿಡಿ. ಜನ ಇದನ್ನು ಕೇಳಿ ಕೊಳ್ಳುತ್ತಾರೆ, ನೋಡುತ್ತಿರಿ.

ಸಣ್ಣ ಚೌಕುಳಿ ಸೀರೆಗಳ ಬಗ್ಗೆ ನನ್ನದೇ ಕಥೆ ಹೇಳಬೇಕು. ಈ ಕೆಲಸಕ್ಕೆ ಬಂದ ಹೊಸತು. ಇಡೀ ದಿನ ಚೌಕುಳಿ ಸೀರೆಗಳನ್ನು ತೆಗೆದೆ. ಕ್ಯಾಮೆರಾದ ಪುಟ್ಟ ಪರದೆಯಲ್ಲಿ ಎಲ್ಲ ಸರಿಯಾಗಿಯೇ ಇತ್ತು. ಮನೆಗೆ ಬಂದು ಕಂಪ್ಯೂಟರ್‌ನಲ್ಲಿ ತೆರೆದರೆ, ಒದ್ದೆ ರಸ್ತೆ ಮೇಲೆ ಎಣ್ಣೆ ಬಿದ್ದ ಹಾಗೆ ಸೀರೆ ತುಂಬ ಬಣ್ಣಬಣ್ಣದ ಅಲೆ. ಇದಕ್ಕೆ ಮೊಯ್ರೆ ಅನ್ನುತ್ತಾರೆ. ಬಟ್ಟೆಯ ಚೌಕುಳಿಯೂ ಕ್ಯಾಮೆರಾ ಸೆನ್ಸರ್‌ನ ಚೌಕುಳಿಯೂ ಒಂದರ ಮೇಲೊಂದು ಕೂತು ಹೀಗಾಗುತ್ತದೆ. ಎರಡು ಸೊಳ್ಳೆಪರದೆ ಒಂದರ ಮೇಲೊಂದು ಹಿಡಿದರೆ ಅಲೆ ಅಲೆ ಕಾಣುತ್ತದಲ್ಲ, ಹಾಗೆ. ಅಷ್ಟೂ ಸೀರೆಯನ್ನು ಪುಕ್ಕಟೆ ಮತ್ತೆ ತೆಗೆದುಕೊಟ್ಟೆ. ಪರಿಹಾರ ಸುಲಭ. ಒಂದೆರಡು ಹೆಜ್ಜೆ ಮುಂದೆ ಅಥವಾ ಹಿಂದೆ ಹೋದರೆ, ಇಲ್ಲವೇ ಕ್ಯಾಮೆರಾ ಸ್ವಲ್ಪ ಓರೆ ಮಾಡಿದರೆ ಅಲೆ ಮಾಯ. ಆದರೆ ಅಲ್ಲೇ, ಆಗಲೇ ಫೋಟೋವನ್ನು ದೊಡ್ಡದು ಮಾಡಿ ನೋಡಬೇಕು. ಅದಕ್ಕೆ ಫೋಟೋಗ್ರಾಫರ್ ಲ್ಯಾಪ್‌ಟಾಪ್ ತರಲಿ. ಒಂದೊಂದು ಸೀರೆ ಬಿಚ್ಚುವ ಮುಂಚೆ, ಆ ಸೀರೆಯನ್ನು ಕಿಟಕಿ ಬೆಳಕಿನಲ್ಲಿ ಹಿಡಿದು ಪರದೆಯ ಪಕ್ಕ ಇಟ್ಟು ನೋಡಿ. ಬಣ್ಣ ಕೂಡಿತಾ? ಹಾಗಾದರೆ ಬಿಚ್ಚಿ.

ಈಗ ಬಾದಾಮಿ. ನಿಮ್ಮ ಆಸೆಗೆ ತಣ್ಣೀರು ಹಾಕುತ್ತಿದ್ದೇನೆ ಅಂದುಕೊಳ್ಳಬೇಡಿ. ಬಾದಾಮಿಯ ಗುಹೆಗಳು, ಐಹೊಳೆ, ಪಟ್ಟದಕಲ್ಲು ಮೂರೂ ಭಾರತೀಯ ಪುರಾತತ್ವ ಸರ್ವೇಕ್ಷಣಾ ಇಲಾಖೆಯ ಕೈಯಲ್ಲಿವೆ. ಪಟ್ಟದಕಲ್ಲು 1987ರಿಂದ ಯುನೆಸ್ಕೋದ ವಿಶ್ವ ಪರಂಪರೆ ಪಟ್ಟಿಯಲ್ಲೂ ಇದೆ. ಪ್ರವಾಸಿಯಾಗಿ ಮೊಬೈಲ್‌ನಲ್ಲಿ ಫೋಟೋ ತೆಗೆದುಕೊಳ್ಳುವುದು ಬೇರೆ. ಟ್ರೈಪಾಡ್, ಲೈಟು ಇಟ್ಟು ಮಾರಾಟಕ್ಕೆ ಫೋಟೋ ತೆಗೆಯುವುದಾದರೆ ಮುಂಚಿತವಾಗಿ ಅನುಮತಿ ಬೇಕು, ಶುಲ್ಕ ಕಟ್ಟಬೇಕು. ಅದಿಲ್ಲದೆ ಹೋಗಿ ಕಾವಲಿನವರ ಜೊತೆ ವಾದ ಮಾಡುತ್ತ ಬೆಳಗಿನ ಬೆಳಕು ಕಳೆದುಕೊಂಡವರನ್ನು ನೋಡಿದ್ದೇನೆ. ಸೀರೆ ಬದಲಿಸಲು ಕೋಣೆ ಇಲ್ಲ. ಹುಬ್ಬಳ್ಳಿಯಿಂದ ನೂರು ಕಿಲೋಮೀಟರ್ ಮೇಲೆ, ಹೋಗಿ ಬರುವುದಕ್ಕೇ ಐದು ಗಂಟೆ. ಮೇಲೆ ಮಂಗಗಳು. ಬಾದಾಮಿಯ ಮಂಗಗಳಿಗೆ ಬ್ಯಾಗಿನ ಜಿಪ್ ತೆಗೆಯುವುದು ಯಾರೂ ಕಲಿಸಬೇಕಿಲ್ಲ.

ಇದೆಲ್ಲ ದಾಟಿದರೂ ಒಂದು ತೊಂದರೆ ಉಳಿಯುತ್ತದೆ. ಬಾದಾಮಿಯ ಬಂಡೆ ಕೆಂಪು ಮರಳುಗಲ್ಲು. ಬಿಸಿಲು ಬಿದ್ದರೆ ಆ ಕೆಂಪು ಬೆಳಕು ತಿರುಗಿ ಸೀರೆಗೆ ಹೊಡೆಯುತ್ತದೆ. ಬಣ್ಣದ ತಕರಾರಿಗೇ ಶೂಟ್ ಮಾಡಿಸುತ್ತಿರುವ ನಿಮಗೆ ಅದಕ್ಕಿಂತ ಕೆಟ್ಟ ಜಾಗ ಇಲ್ಲ. ಕೆಂಪು ಸೆರಗು ಕೆಂಪು ಬಂಡೆಯಲ್ಲಿ ಕರಗಿಹೋಗುತ್ತದೆ ಬೇರೆ. ಬಾದಾಮಿ ಬೇಕೇ ಬೇಕು ಅನ್ನಿಸಿದರೆ, ಅನುಮತಿ ತೆಗೆದುಕೊಂಡು, ಇನ್ನೊಂದು ದಿನ, ಎರಡೇ ಸೀರೆ ಒಯ್ಯಿರಿ. ಕಡು ಹಸಿರು ಒಂದು, ಕಪ್ಪು ಒಂದು. ಅದು ಪುಟದ ಮೇಲ್ಭಾಗಕ್ಕೆ, ಕಣ್ಣು ಸೆಳೆಯುವುದಕ್ಕೆ. ಮಾರುವ ಫೋಟೋ ಅಲ್ಲಿ ಬೇಡ.

ಮಾರುವ ಫೋಟೋಗೆ ಧಾರವಾಡದ ಕಡೆಯ ಒಂದು ಹಳೇ ಮನೆ ಹುಡುಕಿ. ಪಡಸಾಲೆ, ಕಟ್ಟಿಗೆಯ ಕಂಬ, ನಡುವೆ ಬಯಲು ಬಿಟ್ಟ ಅಂಗಳ. ಅಂಗಳದ ಆಕಾಶದಿಂದ ಇಳಿದು ಪಡಸಾಲೆಯ ನೆರಳಿಗೆ ಬರುವ ಬೆಳಕು ಯಾವ ಸ್ಟುಡಿಯೋಗೂ ಕಡಿಮೆ ಇಲ್ಲ. ನೆರಳಿನ ಕಡೆ ಮುಖಕ್ಕೆ ಬೆಳಕು ಸಾಲದಿದ್ದರೆ ಸ್ಟೇಷನರಿ ಅಂಗಡಿಯ ಬಿಳಿ ಥರ್ಮೋಕೋಲ್ ಹಾಳೆ ಹಿಡಿಸಿ. ಒಳಗೆ ಸೀರೆ ಬದಲಿಸಲು ಚಿಲಕ ಇರುವ ಕೋಣೆ ಇದೆ, ಕನ್ನಡಿ ಇದೆ, ಬಚ್ಚಲಿದೆ, ಚಹಾ ಸಿಗುತ್ತದೆ. ಒಂದೇ ಅಳತೆ ನೋಡಿಕೊಳ್ಳಿ. ತಲೆಯಿಂದ ಪಾದದವರೆಗೆ ಹುಡುಗಿ ಸರಿಯಾದ ಆಕಾರದಲ್ಲಿ ಬರಬೇಕಾದರೆ ಫೋಟೋಗ್ರಾಫರ್ ದೂರ ನಿಲ್ಲಬೇಕು. 85 ಮಿ.ಮೀ. ಲೆನ್ಸ್‌ಗೆ ಸುಮಾರು 16 ಅಡಿ, ಅವಳ ಬೆನ್ನಿಗೂ ಗೋಡೆಗೂ ನಡುವೆ ಇನ್ನೊಂದು ಐದು ಅಡಿ. ಅಷ್ಟು ಜಾಗ ಇಲ್ಲದಿದ್ದರೆ 50 ಮಿ.ಮೀ. ತರಲು ಹೇಳಿ. ಮೊಬೈಲ್‌ನಲ್ಲಿ ಹತ್ತಿರ ನಿಂತು, ತಲೆಯ ಎತ್ತರದಿಂದ ತೆಗೆದರೆ ಕಾಲು ಗಿಡ್ಡ, ತಲೆ ದೊಡ್ಡದು. ಸೊಂಟದ ಎತ್ತರಕ್ಕೆ ಹಿಡಿದು, ಹಿಂದೆ ಸರಿದು, 2ಎಕ್ಸ್ ಝೂಮ್‌ನಲ್ಲಿ ತೆಗೆಯಿರಿ.

ಪ್ರತಿ ಸೀರೆಗೆ ಯಾವ ಯಾವ ಫೋಟೋ ಬೇಕು ಅಂತ ಹಿಂದಿನ ದಿನವೇ ಕಾಗದದಲ್ಲಿ ಬರೆದಿಡಿ. ಎದುರಿನಿಂದ ಪೂರ್ತಿ. ಹಿಂದಿನಿಂದ, ಸೆರಗು ಬಿಚ್ಚಿ ಹರಡಿ. ಇದು ಇಳಕಲ್‌ಗೆ ತಪ್ಪಲೇಬಾರದ ಫೋಟೋ. ಸೆರಗನ್ನು ನಿರಿಗೆ ಹಿಡಿದು ಭುಜದ ಮೇಲೆ ಕೂರಿಸಿಬಿಟ್ಟರೆ, ಕೆಂಪು ಬಿಳಿ ಪಟ್ಟೆ, ತೋಪು ತೆನೆ, ಹಣಿಗೆ, ಕೋಟಿ ಕಮ್ಮಲಿ ಅನ್ನುವ ಸೆರಗಿನ ವಿನ್ಯಾಸ ಎಲ್ಲ ಮಡಿಕೆಯೊಳಗೆ ಹೋಗುತ್ತದೆ. ಆಗ ಅದು ಯಾವ ಊರಿನ ಸೀರೆ ಅಂತಲೂ ತಿಳಿಯುವುದಿಲ್ಲ. ಆಮೇಲೆ ದಡಿಯ ಹತ್ತಿರದ ಫೋಟೋ, ಚಿಕ್ಕಿ ಪರಾಸೋ ಗೋಮಿಯೋ, ಯಾವ ವಿನ್ಯಾಸದ ದಡಿ ಅಂತ ತಿಳಿಯುವ ಹಾಗೆ. ಪಕ್ಕ ಒಂದು ಬಳೆಯನ್ನೋ ಬೆರಳನ್ನೋ ಇಟ್ಟರೆ ದಡಿಯ ಅಗಲ ಗಿರಾಕಿಗೆ ಅಂದಾಜಾಗುತ್ತದೆ.

ಯಾರೂ ಕೇಳದ ಎರಡು ಫೋಟೋ ನಾನು ತೆಗೆಸುತ್ತೇನೆ. ಒಂದು, ಒಡಲೂ ಸೆರಗೂ ಕೂಡುವ ಕೊಂಡಿ ಸಾಲು. ಒಡಲಿನ ಹಾಸೇ ಬೇರೆ, ಸೆರಗಿನ ಹಾಸೇ ಬೇರೆ. ಎಳೆಗೆ ಎಳೆ ಕುಣಿಕೆ ಹಾಕಿ ಕೂಡಿಸಿದ್ದು. ಇಳಕಲ್ ನೇಕಾರರ ಹೆಸರು ನಿಂತಿರುವುದೇ ಆ ಸಾಲಿನ ಮೇಲೆ. ಅದನ್ನು ಹತ್ತಿರದಿಂದ ತೋರಿಸಿ. ಎರಡು, ಕಸೂತಿ ಇದ್ದರೆ ಅದರ ಹಿಂಬದಿ. ಗವಂತಿ, ಮುರಗಿ ಹೊಲಿಗೆ ಎರಡೂ ಕಡೆ ಒಂದೇ ಥರ ಕಾಣುತ್ತದೆ, ಗಂಟು ಇರುವುದಿಲ್ಲ. ಮಷೀನ್ ಕಸೂತಿಯ ಹಿಂಬದಿ ಹಾಗಿರುವುದಿಲ್ಲ. ಬೆಲೆ ಯಾಕೆ ಜಾಸ್ತಿ ಅಂತ ಗಿರಾಕಿ ಕೇಳಿದಾಗ ಮಾತಿಗಿಂತ ಆ ಫೋಟೋ ಕಳಿಸಿ. ಅಂದಹಾಗೆ, ಸೀರೆ ಪವರ್‌ಲೂಮ್‌ದ್ದಾಗಿದ್ದರೆ ಶೂಟ್‌ನಲ್ಲಿ ಕೈಮಗ್ಗ ತಂದಿಡಬೇಡಿ. ಬಾಯಲ್ಲಿ ಸುಳ್ಳು ಹೇಳದೆ ಫೋಟೋದಲ್ಲಿ ಹೇಳಿದ ಹಾಗಾಗುತ್ತದೆ.

ಒಂದೊಂದು ಸೀರೆಗೂ ನಂಬರ್ ಕೊಡಿ. ಮೊದಲ ಫೋಟೋದಲ್ಲಿ ಗ್ರೇ ಕಾರ್ಡ್ ಜೊತೆ ಆ ನಂಬರಿನ ಚೀಟಿಯೂ ಇರಲಿ. ಸಂಜೆ ಆರುನೂರು ಫೋಟೋ ಮುಂದಿಟ್ಟುಕೊಂಡು ಎರಡು ಮರೂನ್ ಸೀರೆಗಳಲ್ಲಿ ಯಾವುದು ಯಾವುದು ಅಂತ ತಲೆ ಕೆರೆದುಕೊಳ್ಳುವುದು ತಪ್ಪುತ್ತದೆ. ಸರದಿಯನ್ನು ಬ್ಲೌಸ್ ಪ್ರಕಾರ ಹಾಕಿ. ಒಂದೇ ಬ್ಲೌಸಿನ ಮೂರು ಸೀರೆ ಒಟ್ಟಿಗೆ. ತಿಳಿ ಬಣ್ಣದ ಲಿಪ್‌ಸ್ಟಿಕ್ ಬೆಳಿಗ್ಗೆ, ಕಡು ಬಣ್ಣದ್ದು ಮಧ್ಯಾಹ್ನದ ಮೇಲೆ. ಕಡು ಬಣ್ಣ ಒರೆಸಿದರೂ ತುಟಿಯಲ್ಲಿ ಉಳಿಯುತ್ತದೆ.

ಹಿಂದಿನ ದಿನ ನೀವು ತೆಗೆಯುವ ಆ 18 ಸೀರೆಗೂ ಇದೇ ಕಿಟಕಿ, ಇದೇ ಗ್ರೇ ಕಾರ್ಡ್, ಇದೇ ಚೀಟಿ. ಮಂಚ ಬಿಟ್ಟುಬಿಡಿ. ಕಿಟಕಿಯಿಂದ ನಾಲ್ಕು ಅಡಿ ದೂರ, ಬೆಳಕು ಪಕ್ಕದಿಂದ ಬೀಳುವ ಹಾಗೆ ಕೋಲು ಕಟ್ಟಿ ಸೀರೆ ಇಳಿಬಿಡಿ. ಸೆರಗು ಒಂದು ಕಡೆ, ಒಡಲು ಒಂದು ಕಡೆ. ಮೊಬೈಲ್‌ನ ಬ್ಯೂಟಿ, ಫಿಲ್ಟರ್, ಫ್ಲ್ಯಾಶ್ ಎಲ್ಲ ಬಂದ್.

ಅಕ್ಕನ ಮಗಳ ತಯಾರಿಗೆ ಜಾಸ್ತಿ ಹೇಳುವುದಿಲ್ಲ, ಅವಳಿಗೇ ನನಗಿಂತ ಚೆನ್ನಾಗಿ ಗೊತ್ತಿರುತ್ತದೆ. ಫೇಶಿಯಲ್ ಮಾಡಿಸುವುದಿದ್ದರೆ ವಾರ ಮುಂಚೆ. ಹುಬ್ಬು ಎರಡು ದಿನ ಮುಂಚೆ. ಹಿಂದಿನ ದಿನ ಮಾಡಿಸಿಕೊಂಡು ಮುಖ ಕೆಂಪಾಗಿ ಬಂದವರಿದ್ದಾರೆ. ಕೈಗೆ ಮೆಹಂದಿ ಬೇಡ. ಅದು ಎಲ್ಲ ಸೀರೆಯನ್ನೂ ಮದುವೆ ಸೀರೆ ಮಾಡಿಬಿಡುತ್ತದೆ, ಹತ್ತು ದಿನ ಹೋಗುವುದೂ ಇಲ್ಲ. ಬೆಳಿಗ್ಗೆ ಸಡಿಲ ಬಟ್ಟೆ ಹಾಕಿಕೊಂಡು ಬರಲಿ, ಇಲ್ಲದಿದ್ದರೆ ಸೊಂಟದ ಮೇಲೆ ಇಲಾಸ್ಟಿಕ್ ಗುರುತು ಒಂದು ಗಂಟೆ ಹೋಗುವುದಿಲ್ಲ. ಫ್ಲ್ಯಾಶ್ ಬಳಸುವುದಿದ್ದರೆ ಸತುವಿನ ಅಂಶದ ಸನ್‌ಸ್ಕ್ರೀನ್ ಬೇಡ, ಮುಖ ಬಿಳಿಚಿಕೊಂಡು ಬರುತ್ತದೆ. ತಿಂಡಿ ತಿಂದೇ ಬರಲಿ. "ಹೊಟ್ಟೆ ಕಾಣುತ್ತೆ" ಅಂತ ಉಪವಾಸ ಬಂದ ಹುಡುಗಿಯರು 11 ಗಂಟೆಗೆ ತಲೆ ಸುತ್ತಿ ಕೂತುಬಿಡುತ್ತಾರೆ. ಮೊಗ್ಗಿನ ದಂಡೆ ಎರಡು ತನ್ನಿ, ಒಂದು ಒದ್ದೆ ಬಟ್ಟೆಯಲ್ಲಿ ಸುತ್ತಿಡಿ. ಮಧ್ಯಾಹ್ನದ ಹೊತ್ತಿಗೆ ಮೊದಲನೆಯದು ಬಾಡಿರುತ್ತದೆ.

ನಿಲ್ಲುವ ಭಂಗಿ ಕಲಿಸಲು ಹೋಗಬೇಡಿ. ಕೆಲಸ ಕೊಡಿ. ಕಂಬಕ್ಕೆ ಒರಗು, ಸೆರಗು ಸರಿಮಾಡಿಕೊ, ಹೊಸ್ತಿಲು ದಾಟು, ಬಳೆ ಏರಿಸಿಕೊ. ಕೈಗೆ ಕೆಲಸ ಸಿಕ್ಕರೆ ಮುಖ ತಾನಾಗಿ ಸಡಿಲವಾಗುತ್ತದೆ. ಸೀರೆ ಉಟ್ಟು ನಡೆದು ರೂಢಿ ಇಲ್ಲದಿದ್ದರೆ ವಾರ ಮುಂಚೆ ಮನೆಯಲ್ಲಿ ಒಂದು ದಿನ ಉಟ್ಟು ಓಡಾಡಲಿ. ಅದೇ ದಿನ ಒಂದು ಸೀರೆಯನ್ನು ಆ ಪಡಸಾಲೆಯಲ್ಲೇ ಮೊಬೈಲ್‌ನಲ್ಲಿ ತೆಗೆದು ನೋಡಿ. ಯಾವ ಹೊತ್ತಿಗೆ ಬೆಳಕು ಎಲ್ಲಿ ಬರುತ್ತದೆ ಅಂತ ಗೊತ್ತಾಗುತ್ತದೆ.

ತಾರೀಕು ಯಾವಾಗ? ಗಣಪತಿ ಕಳಿಸಿದ ಮರುವಾರ. ಆಗಿನ್ನೂ ಮೋಡ ಇರುತ್ತದೆ. ಮೋಡ ಅಂದರೆ ಆಕಾಶದುದ್ದ ಕಟ್ಟಿದ ಬಿಳಿ ಪರದೆ, ನೆರಳು ಗಡುಸಾಗುವುದಿಲ್ಲ, ಜರಿ ಕಣ್ಣಿಗೆ ಚುಚ್ಚುವುದಿಲ್ಲ. ಮಳೆ ಬಂದರೂ ಪಡಸಾಲೆಯಲ್ಲಿ ಕೆಲಸ ನಿಲ್ಲುವುದಿಲ್ಲ. ಎಡಿಟಿಂಗ್‌ಗೆ ಎರಡು ವಾರ ಹಿಡಿದರೂ ಮಹಾನವಮಿ ಹೊತ್ತಿಗೆ ಮೊದಲ ಫೋಟೋಗಳು ಕೈಯಲ್ಲಿರುತ್ತವೆ. ಜನ ದೀಪಾವಳಿ ಸೀರೆ ದೀಪಾವಳಿ ವಾರ ಕೊಳ್ಳುವುದಿಲ್ಲ, ಅಲ್ವಾ? ಬ್ಲೌಸ್ ಹೊಲಿಸಬೇಕಲ್ಲ.

ಫೋಟೋಗ್ರಾಫರ್ ಜೊತೆ ನಾಲ್ಕು ವಿಷಯ ಬರವಣಿಗೆಯಲ್ಲಿ ಇರಲಿ: ಎಡಿಟ್ ಆದ ಫೋಟೋ ಎಷ್ಟು, ಯಾವ ದಿನ ಕೊಡುತ್ತಾರೆ, ಬಣ್ಣ ಕೂಡದಿದ್ದರೆ ಮತ್ತೆ ಸರಿಮಾಡಿಕೊಡುತ್ತಾರಾ, ಫೋಟೋ ಯಾರದ್ದು. ಕೊನೆಯದಕ್ಕೆ ಕಾನೂನು ನಿಮ್ಮ ಕಡೆ ಇದೆ. 1957ರ ಕಾಪಿರೈಟ್ ಕಾಯ್ದೆಯ 17ನೇ ಸೆಕ್ಷನ್ ಪ್ರಕಾರ, ದುಡ್ಡು ಕೊಟ್ಟು ತೆಗೆಸಿದ ಫೋಟೋಗೆ, ಬೇರೆ ಒಪ್ಪಂದ ಇಲ್ಲದಿದ್ದರೆ, ತೆಗೆಸಿದವರೇ ಮೊದಲ ಹಕ್ಕುದಾರರು. ಆದರೆ ಸಹಿ ಹಾಕುವ ಕಾಗದದಲ್ಲಿ "ಹಕ್ಕು ಫೋಟೋಗ್ರಾಫರ್‌ದು" ಅಂತ ಸಣ್ಣಕ್ಷರದಲ್ಲಿ ಇದ್ದರೆ ಆ ಮಾತೇ ನಿಲ್ಲುತ್ತದೆ. ಓದಿ ಸಹಿ ಹಾಕಿ. 40 ಸಾವಿರವನ್ನೂ ಹಂಚಿ ಮುಗಿಸಬೇಡಿ, ನಾಲ್ಕೈದು ಸಾವಿರ ಕೈಯಲ್ಲಿರಲಿ.

ಕೊನೆಗೆ, ಅಕ್ಕನ ಮಗಳ ದುಡ್ಡು. ಕೊಡಿ. ದಿನಕ್ಕೆ ಇಷ್ಟು ಅಂತ ಮೊದಲೇ ಹೇಳಿ, ಸಂಜೆಯೇ ಕೊಡಿ. ಮನೆಯ ಹುಡುಗಿ ಅಂತ ಸುಮ್ನೆ ಬಿಟ್ಟರೆ ಮುಂದಿನ ಸಲ ಅವಳಿಗೆ ಪರೀಕ್ಷೆ ಇರುತ್ತದೆ. ಜೊತೆಗೆ ಒಂದು ಪುಟದ ಒಪ್ಪಿಗೆ ಪತ್ರ ಬರೆಸಿಕೊಳ್ಳಿ. ಫೋಟೋ ಎಲ್ಲೆಲ್ಲಿ ಹಾಕುತ್ತೀರಿ, ಎಷ್ಟು ವರ್ಷ, ಜಾಹೀರಾತಿಗೆ ಬಳಸುತ್ತೀರಾ, ಬೇರೆ ಅಂಗಡಿಯವರು ಕೇಳಿದರೆ ಕೊಡುತ್ತೀರಾ. ನಾಳೆ ಅವಳಿಗೆ ಮದುವೆ ಗೊತ್ತಾಗಿ "ಚಿಕ್ಕಮ್ಮಾ, ಆ ಫೋಟೋ ತೆಗೆದುಬಿಡು" ಅಂದರೆ ಏನು ಅನ್ನುವುದನ್ನೂ ಈಗಲೇ ಮಾತಾಡಿಕೊಳ್ಳಿ. ಹಾಂ, ಉಡಿಸಿದ ಸೀರೆಗಳಲ್ಲಿ ಪಿನ್ನಿನ ತೂತು ಬೀಳುತ್ತದೆ, ರೇಷ್ಮೆಯಲ್ಲಿ ಅದು ಮುಚ್ಚುವುದಿಲ್ಲ. ಕೊಂಡಿ ಸಾಲಿನ ಮೇಲಂತೂ ಪಿನ್ ಚುಚ್ಚಲೇಬೇಡಿ. ತೂತು ಬಿದ್ದವನ್ನು ಹೊಸ ಸೀರೆ ಅಂತ ಮಾರದೆ, ಉಡಿಸಿ ತೋರಿಸಿದ್ದು ಅಂತ ಹೇಳಿ ಕಡಿಮೆ ಬೆಲೆಗೆ ಕೊಡಿ. ಅದರಲ್ಲಿ ಅವಳು ಬಿಚ್ಚಲು ಮನಸ್ಸಿಲ್ಲದೆ ಕನ್ನಡಿ ಮುಂದೆ ಎರಡು ನಿಮಿಷ ಜಾಸ್ತಿ ನಿಂತ ಸೀರೆ ಒಂದು ಇದ್ದೇ ಇರುತ್ತದೆ. ಅದನ್ನು ಮಾರಬೇಡಿ, ಅವಳಿಗೇ ಕೊಡಿ. ಸಂಬಳದಲ್ಲಿ ಮುರಿದುಕೊಳ್ಳದೆ.